ಬೆಂದವರ ಕತೆ, ಬರೆಯುವವರ ಸಾಲ

ಕೇರಿಗೆ ಬೆಂಕಿ ಬಿದ್ದ ಮಾರನೆಯ ದಿನ ಅಲ್ಲಿಗೆ ಮೂರು ಥರದ ಜನ ಬರ್ತಾರೆ. ಪೊಲೀಸರು ಬಂದು ಪಂಚನಾಮೆ ಬರೆಯುತ್ತಾರೆ. ಪತ್ರಿಕೆಯವರು ಬಂದು ಸುದ್ದಿ ಬರೆಯುತ್ತಾರೆ. ಕಡೆಗೆ ಸಾಹಿತಿ ಕಲಾವಿದರು ಅನ್ನಿಸಿಕೊಂಡ ನಾವು, ಬಂದೋ ಬಾರದೆಯೋ, ಪದ್ಯ ಬರೆಯುತ್ತೇವೆ, ಬೀದಿ ನಾಟಕ ಕಟ್ಟುತ್ತೇವೆ, ಚಿತ್ರ ಬಿಡಿಸುತ್ತೇವೆ. ಪಂಚನಾಮೆ ಸುಳ್ಳಿರಬಹುದು ಅಂತ ನಮಗೆ ಗೊತ್ತು. ಸುದ್ದಿ ಮೂರು ದಿನಕ್ಕೆ ಹಳತಾಗುತ್ತೆ ಅಂತಲೂ ಗೊತ್ತು. ಪದ್ಯವನ್ನು ಮಾತ್ರ ನಾವು ಅನುಮಾನಿಸುವುದಿಲ್ಲ. ಕವಿಯ ಕಣ್ಣೀರು ನಿಜವಾಗಿದ್ದರೆ ಬರೆದದ್ದೂ ನಿಜವೇ ಎಂದು ನಂಬಿಬಿಟ್ಟಿದ್ದೇವೆ. ಈ ನಂಬಿಕೆಯನ್ನೇ ಒಂದಿಷ್ಟು ಕೆದಕಿ ನೋಡಬೇಕಾಗಿದೆ.

ಪ್ರಶ್ನೆ ಇಷ್ಟೇ. ಕೊಲೆ, ಬೆಂಕಿ, ಗುಂಡಿಗೆ ಸಿಕ್ಕ ಜನರ ಪಾಡನ್ನು ಕಲೆ ಮಾಡುವವರು ಆ ಜನಕ್ಕೆ ಏನಾದರೂ ಸಾಲ ಉಳಿಸಿಕೊಂಡಿರುತ್ತಾರೆಯೇ? ಉಳಿಸಿಕೊಂಡಿದ್ದರೆ ಅದನ್ನು ತೀರಿಸುವ ಬಗೆ ಯಾವುದು?

ಗಾಳಿಯಲ್ಲಿ ತತ್ವ ಹೇಳುವುದು ಬೇಡ. ಒಂದು ಪ್ರಕರಣವನ್ನು ಕೈಯಲ್ಲಿ ಹಿಡಿದು ಮಾತಾಡೋಣ. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿ ಕಡಲು ಸೇರುವ ಸೀಮೆಯಲ್ಲಿ, ಅಂದಿನ ತಂಜಾವೂರು ಜಿಲ್ಲೆಯಲ್ಲಿ, ಕೀಳ್ವೆಣ್ಮಣಿ ಅಂತ ಒಂದು ಊರಿದೆ. ಹೆಚ್ಚು ಇಳುವರಿ ತೆಗೆಯಬೇಕು ಅಂತ ಸರ್ಕಾರ 1960ರ ಸುಮಾರಿಗೆ ಆರಿಸಿಕೊಂಡ ಮೊದಲ ಜಿಲ್ಲೆಗಳಲ್ಲಿ ತಂಜಾವೂರೂ ಒಂದು. ಗದ್ದೆಗೆ ಗೊಬ್ಬರ ಬಂತು, ಹೊಸ ಬೀಜ ಬಂತು, ಜಮೀನ್ದಾರನ ಕಣಜ ತುಂಬಿತು. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಲ್ಲಿ ಬಹುಪಾಲು ದಲಿತರು. ಅವರ ಕೂಲಿ ಭತ್ತದ ಲೆಕ್ಕದಲ್ಲಿತ್ತು. ಬೆಳೆ ಹೆಚ್ಚಿತಲ್ಲ, ನಮಗೂ ಇನ್ನೊಂದಿಷ್ಟು ಭತ್ತ ಅಳೆಯಿರಿ ಅಂತ ಕೇಳಿದರು. ಕೇಳೋದಕ್ಕೆ ಒಂದು ಸಂಘ ಕಟ್ಟಿಕೊಂಡು ಕೇರಿಯಲ್ಲಿ ಕೆಂಪು ಬಾವುಟ ನೆಟ್ಟರು. ಅತ್ತ ಜಮೀನ್ದಾರರೂ ಭತ್ತ ಬೆಳೆಗಾರರ ಸಂಘ ಅಂತ ಒಂದನ್ನು ಕಟ್ಟಿಕೊಂಡರು. ಬಾವುಟ ಇಳಿಸಿ, ಸಂಘ ಬಿಡಿ ಅಂದರು. ಇವರು ಇಳಿಸಲಿಲ್ಲ.

1968ರ ಡಿಸೆಂಬರ್ 25ರ ರಾತ್ರಿ ಜಮೀನ್ದಾರರ ಕಡೆಯವರು ಕೇರಿಗೆ ನುಗ್ಗಿದರು. ಓಡಬಲ್ಲವರು ಓಡಿದರು. ಓಡಲಾರದವರು, ಅಂದರೆ ಹೆಂಗಸರು, ಮಕ್ಕಳು, ಮುದುಕರು, ರಾಮಯ್ಯನೆಂಬವರ ಗುಡಿಸಲಲ್ಲಿ ಅವಿತುಕೊಂಡರು. ಆ ಗುಡಿಸಲಿಗೆ ಬೆಂಕಿ ಇಟ್ಟರು. ಸತ್ತವರು 42 ಅಂತ ಕೆಲವು ಕಡೆ, 44 ಅಂತ ಕೆಲವು ಕಡೆ ಅಚ್ಚಾಗಿದೆ. ಊರಿನ ಸ್ಮಾರಕದ ಕಲ್ಲಿನಲ್ಲಿರುವ ಹೆಸರುಗಳು 44. ನಾವು ಕಲ್ಲನ್ನೇ ನಂಬೋಣ.

ಕೆಳಗಿನ ಕೋರ್ಟು 1970ರಲ್ಲಿ ಭತ್ತ ಬೆಳೆಗಾರರ ಸಂಘದ ಮುಖಂಡ ಗೋಪಾಲಕೃಷ್ಣ ನಾಯ್ಡು ಮತ್ತಿತರರಿಗೆ 10 ವರ್ಷ ಶಿಕ್ಷೆ ಕೊಟ್ಟಿತು. 1973ರಲ್ಲಿ ಮದರಾಸು ಹೈಕೋರ್ಟು ಅವರನ್ನೆಲ್ಲ ಬಿಡುಗಡೆ ಮಾಡಿತು. ಅದೇ ದಿನ ಜಮೀನ್ದಾರರ ಕಡೆಯ ಒಬ್ಬನು ಸತ್ತಿದ್ದ ಪ್ರಕರಣದಲ್ಲಿ ಕೂಲಿಕಾರರಿಗೆ ಮಾತ್ರ ಶಿಕ್ಷೆಯಾಯಿತು. ಹೈಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದನ್ನು ಮರೆಯುವಂತಿಲ್ಲ. ಆರೋಪಿಗಳು ದೊಡ್ಡ ಹಿಡುವಳಿದಾರರು, ಶ್ರೀಮಂತರು, ಒಬ್ಬರಿಗೆ ಕಾರೂ ಇದೆ. ಇಂಥವರು ಆಳುಗಳನ್ನು ಬಿಟ್ಟು ತಾವೇ ನಡೆದು ಹೋಗಿ ಬೆಂಕಿ ಇಟ್ಟರು ಅನ್ನುವುದನ್ನು ನಂಬಲು ಕಷ್ಟ ಎಂಬ ಧಾಟಿಯ ಮಾತು ಅದು.

ಈ ಮಾತನ್ನು ಇನ್ನೊಮ್ಮೆ ಓದಿ. ಇದು ಕಾನೂನಿನ ಮಾತಿಗಿಂತ ಹೆಚ್ಚಾಗಿ ಕಲ್ಪನೆಯ ಮಾತು. ನ್ಯಾಯಾಧೀಶರು ಮನಸ್ಸಿನೊಳಗೆ ಒಂದು ಚಿತ್ರ ಬಿಡಿಸಿಕೊಂಡರು. ಆ ಚಿತ್ರದಲ್ಲಿ ಕಾರಿದ್ದ ಯಜಮಾನನ ಕೈಗೆ ಪಂಜು ಹೊಂದಲಿಲ್ಲ. ಹೊಂದದೆ ಇದ್ದದ್ದರಿಂದ 44 ಜನರನ್ನು ಸುಟ್ಟವರು ಯಾರೂ ಇಲ್ಲ ಅಂತಾಯಿತು. ಕಲ್ಪನೆ ಅನ್ನುವುದು ಮುಗ್ಧವಾದದ್ದು, ಅದು ಕವಿಗಳ ಪಾಲಿನದು ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಕೀಳ್ವೆಣ್ಮಣಿ ಹೇಳುವುದು ಬೇರೆ. ಯಾರು ಯಾರನ್ನು ಕೊಲ್ಲಬಲ್ಲರು, ಯಾರ ಮಾತು ನಂಬಲು ಯೋಗ್ಯ, ಯಾರ ನೋವು ನೋವು ಎಂಬುದನ್ನೆಲ್ಲ ಈ ಸಮಾಜ ಮೊದಲೇ ಕಲ್ಪಿಸಿಕೊಂಡಿರುತ್ತದೆ. ಬರೆಯುವವರು ಕೈ ಹಾಕಬೇಕಾದ್ದು ಅಲ್ಲಿಗೆ. ಇರುವ ಕಲ್ಪನೆಗೆ ಇನ್ನೊಂದು ಹನಿ ಕಣ್ಣೀರು ಸೇರಿಸಿದರೆ ಅದೇನೂ ಬದಲಾಗುವುದಿಲ್ಲ.

ಇದೇ ಘಟನೆಯನ್ನು ಹಿಡಿದು ಬರೆದ ಹೆಸರಾಂತ ಕಾದಂಬರಿ ಇಂದಿರಾ ಪಾರ್ಥಸಾರಥಿಯವರ ‘ಕುರುದಿಪ್ಪುನಲ್’. 1975ರಲ್ಲಿ ಬಂತು. 1977ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಿಕ್ಕಿತು. ಶಿಷ್ಟರ ತಮಿಳು ಸಾಹಿತ್ಯದೊಳಕ್ಕೆ ಆ ಬೆಂಕಿಯನ್ನು ತಂದದ್ದು ಸಣ್ಣ ಕೆಲಸವಲ್ಲ, ಅದನ್ನು ಒಪ್ಪೋಣ. ಕೂಲಿಯ ಹೋರಾಟವೂ ಆ ಕಾದಂಬರಿಯಲ್ಲಿದೆ. ಆದರೆ ಜಮೀನ್ದಾರನ ಕ್ರೌರ್ಯದ ಬೇರು ಅಲ್ಲಿ ಅವನ ಗಂಡಸುತನದ ಕೊರತೆಯಲ್ಲಿ ಸಿಗುತ್ತದೆ. ತಮಿಳಿನ ಎಡಪಂಥೀಯ ವಿಮರ್ಶಕರು ಇದನ್ನೇ ಹಿಡಿದು ತಕರಾರು ಎತ್ತಿದರು. ಆ ತಕರಾರು ಬರೀ ಪಕ್ಷದ ತಕರಾರಲ್ಲ, ನೀತಿಯ ತಕರಾರು. ಪಂಜನ್ನು ಒಬ್ಬ ರೋಗಿಯ ಕೈಗೆ ಕೊಟ್ಟ ತಕ್ಷಣ ಉಳಿದ ಜಮೀನ್ದಾರರೆಲ್ಲ ಆರೋಗ್ಯವಂತರಾಗಿಬಿಡುತ್ತಾರೆ. ಶ್ರೀಮಂತರು ಇಂಥದ್ದು ಮಾಡಲಾರರು ಅಂತ ಕೋರ್ಟು ಹೇಳಿತು. ಈ ಒಬ್ಬ ಶ್ರೀಮಂತ ಮಾಡಿದ, ಯಾಕಂದರೆ ಅವನ ಮನಸ್ಸು ಕೆಟ್ಟಿತ್ತು ಅಂತ ಕಾದಂಬರಿ ಹೇಳಿತು. ಎರಡರ ನಡುವೆ ಭತ್ತ ಹಿಂದಕ್ಕೆ ಸರಿದುಹೋಯಿತು.

ಆ ಲೇಖಕರಿಗೆ ಮರುಕ ಇರಲಿಲ್ಲ ಅಂತ ಯಾರೂ ಹೇಳಲಾರರು. ಮರುಕ ಇತ್ತು, ಭಾಷೆಯೂ ಇತ್ತು. ಆದರೂ ಸತ್ತವರು ಬದುಕಿದ್ದಾಗ ಆಡಿದ ಕಡೆಯ ದೊಡ್ಡ ಮಾತು, ಅಂದರೆ ಅವರು ಮಂಡಿಸಿದ ಬೇಡಿಕೆ, ಕತೆಯ ಅಂಚಿಗೆ ಹೋಯಿತು. ನನ್ನ ವಾದ ಇಲ್ಲಿಂದಲೇ ಹುಟ್ಟುತ್ತದೆ. ಹಿಂಸೆಗೆ ಸಿಕ್ಕವರ ಬಗ್ಗೆ ಬರೆಯುವವರು ಅವರಿಗೆ ಕೊಡಬೇಕಾದ ಸಾಲ ಕಣ್ಣೀರಿನದಲ್ಲ, ಲೆಕ್ಕದ್ದು. ಅವರು ಏನು ಕೇಳಿದ್ದರು, ಯಾರ ಮುಂದೆ ಕೇಳಿದ್ದರು, ಯಾವ ಕಾರಣಕ್ಕೆ ಸತ್ತರು ಎನ್ನುವುದನ್ನು ಅವರಿಗೆ ಹಿಂದಿರುಗಿಸಬೇಕು. ಅದಿಲ್ಲದೆ ಬರೆದರೆ ಅವರು ಬರೀ ಹೆಣಗಳಾಗಿ ಉಳಿಯುತ್ತಾರೆ. ಹೆಣಗಳ ಬಗ್ಗೆ ಮರುಕ ಪಡಲು ಜಮೀನ್ದಾರನಿಗೂ ಏನೂ ಅಡ್ಡಿಯಿಲ್ಲ.

ಲೆಕ್ಕ ಅಂದಾಕ್ಷಣ ಕೆಲವರು ಮೂಗು ಮುರಿಯುತ್ತಾರೆ. ಹಾಗಾದರೆ ಕಲೆ ಎಲ್ಲಿ, ಕರಪತ್ರ ಬರೆದರೆ ಸಾಲದೇ ಅಂತ ಕೇಳ್ತಾರೆ. ಅವರು ನಮ್ಮ ಹಳ್ಳಿಗಳ ಸಾವಿನ ಮನೆಗೆ ಹೋಗಿ ಹೆಂಗಸರು ಅಳುವುದನ್ನು ಕೇಳಬೇಕು. ಅವರು ಹಾಡಿಕೊಂಡು ಅಳುತ್ತಾರೆ. ಆ ಹಾಡಿನಲ್ಲಿ ಸತ್ತವನ ಇಡೀ ಬಾಳಿನ ಲೆಕ್ಕ ಬರುತ್ತದೆ. ಯಾವ ಹೊಲ ಉತ್ತಿದ್ದ, ಯಾವ ಸಾಲಕ್ಕೆ ಎತ್ತು ಮಾರಿದ, ಯಾರು ಹೊತ್ತಿಗಾಗಲಿಲ್ಲ, ಯಾರು ಮೋಸ ಮಾಡಿದರು ಅಂತ ಹೆಸರು ಹಿಡಿದು ಕರೆದು ಹೇಳುತ್ತಾರೆ. ಮೋಸ ಮಾಡಿದವನು ಅಲ್ಲೇ ಕೂತಿದ್ದರೆ ತಲೆ ತಗ್ಗಿಸಿ ಕೇಳಬೇಕು. ಅದಕ್ಕಿಂತ ಎದೆ ಕಲಕುವ ಹಾಡು ಇನ್ನೊಂದಿಲ್ಲ, ಅದಕ್ಕಿಂತ ಖಚಿತವಾದ ದಾಖಲೆಯೂ ಇನ್ನೊಂದಿಲ್ಲ. ಅಕ್ಷರ ಕಲಿಯದ ನಮ್ಮ ಅವ್ವಂದಿರಿಗೆ ಕಲೆ ಮತ್ತು ಲೆಕ್ಕ ಬೇರೆ ಬೇರೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಬೇಲಿ ಹಾಕಿದ್ದು ಓದಿದವರು.

ಇಷ್ಟು ಹೇಳಿ ಬೇರೆಯವರ ಕಡೆ ಮಾತ್ರ ಬೊಟ್ಟು ಮಾಡಿದರೆ ಆಗದು. ನಮ್ಮ ಚಳವಳಿಯ ಬರವಣಿಗೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ನಮ್ಮ ಎಷ್ಟೋ ಪದ್ಯಗಳಲ್ಲಿ ದಲಿತನಿಗೆ ಎರಡೇ ಪಾತ್ರ. ಒಂದೋ ಅವನು ಹೆಣ, ಇಲ್ಲ ಅವನು ಕತ್ತಿ. ನಡುವೆ ಉಣ್ಣುವ, ನಗುವ, ಮಕ್ಕಳನ್ನು ಬೈಯುವ, ಸಾಲಕ್ಕೆ ಅಂಜುವ ಮನುಷ್ಯ ಕಾಣುವುದಿಲ್ಲ. ಹೆಂಗಸಿಗೆ ಇನ್ನೂ ಅನ್ಯಾಯ. ಅತ್ಯಾಚಾರಕ್ಕೆ ಸಿಕ್ಕವಳನ್ನು ಪದ್ಯದಲ್ಲಿ ಇನ್ನೊಮ್ಮೆ ಬೆತ್ತಲೆ ನಿಲ್ಲಿಸಿ, ಅವಳ ಗಾಯಗಳನ್ನು ಒಂದೊಂದಾಗಿ ಎಣಿಸಿ, ಅದನ್ನು ಕ್ರಾಂತಿ ಅನ್ನುತ್ತೇವೆ. 2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದೇ ದಲಿತ ಮನೆಯ ನಾಲ್ವರನ್ನು ಕೊಂದರು. ಆ ಹೆಣಗಳ ಚಿತ್ರಗಳು ಊರೂರು ಸುತ್ತಿದವು. ಚಿತ್ರ ನೋಡಿ ನಡುಗಿದ ಎಷ್ಟು ಜನಕ್ಕೆ ಆ ಮನೆಯವರಿಗೆ ಸ್ವಂತ ಜಮೀನಿತ್ತು, ಜಮೀನಿಗಾಗಿ ಜಗಳವಿತ್ತು, ಮಕ್ಕಳು ಓದಿ ಮುಂದೆ ಬರುತ್ತಿದ್ದರು ಅನ್ನುವುದು ನೆನಪಿದೆ? ಊರಿನ ಕಣ್ಣು ಉರಿಸಿದ್ದು ಆ ಜಮೀನು, ಆ ಓದು. ಗಾಯ ಮಾತ್ರ ತೋರಿಸಿ ಅದನ್ನು ಬಿಟ್ಟರೆ ಕೊಂದವರ ಕೆಲಸವನ್ನೇ ಮುಂದುವರಿಸಿದಂತೆ. ಅವರು ಅಳಿಸಬೇಕೆಂದಿದ್ದು ಆ ತಲೆ ಎತ್ತಿದ ಬಾಳನ್ನು.

ದೇವನೂರ ಮಹಾದೇವರ ‘ಒಡಲಾಳ’ವನ್ನು ಇಲ್ಲಿ ನೆನೆಯಬೇಕು. ಯಜಮಾನನ ಕಡಲೆಕಾಯಿ ಕದ್ದು ತಂದ ರಾತ್ರಿ ಸಾಕವ್ವನ ಮನೆಯ ಮಂದಿಯೆಲ್ಲ ಸುತ್ತ ಕೂತು ಸುಲಿದು ತಿನ್ನುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಪೊಲೀಸರ ದರ್ಪ ನಮ್ಮ ಎದೆಗೆ ತಾಕುವುದು ಯಾಕೆ? ಆ ರಾತ್ರಿಯ ಸುಖವನ್ನು ನಾವೂ ಅವರ ಜೊತೆ ಕೂತು ಉಂಡಿರುತ್ತೇವೆ. ಹಿಂಸೆ ಏನನ್ನು ಕಿತ್ತುಕೊಂಡಿತು ಅಂತ ತಿಳಿಯಬೇಕಾದರೆ ಮೊದಲು ಅಲ್ಲಿ ಏನಿತ್ತು ಅಂತ ತಿಳಿದಿರಬೇಕು. ನಾನು ಲೆಕ್ಕ ಅನ್ನುವುದರಲ್ಲಿ ಆ ಕಡಲೆಕಾಯಿಯೂ ಸೇರಿದೆ.

ಇನ್ನು ಯಾರು ಬರೆಯಬೇಕು ಎಂಬ ಪ್ರಶ್ನೆ. ಸಾಹಿತ್ಯ ಎನ್ನುವುದು ಹಿಂಸೆಯ ಹೊರಗೆ ದಡದ ಮೇಲೆ ನಿಂತು ನೋಡುತ್ತದೆ ಅನ್ನುವುದು ಸುಳ್ಳು. ಕನ್ನಡದಲ್ಲಿ ನಮಗೆ ಇದು ಚೆನ್ನಾಗಿ ಗೊತ್ತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಷ್ಟಕ್ಕೆ ಏಟು ತಿಂದವರು ಹಾಸ್ಟೆಲಿನ ದಲಿತ ಹುಡುಗರು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಸಾಹಿತ್ಯದ ಮಾನ ಕಾಪಾಡುವುದಕ್ಕೇ ದೊಣ್ಣೆ ಎತ್ತಿದ ನಾಡು ಇದು. ಅಲ್ಲಿಂದ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು, 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ನಮ್ಮ ನೋವನ್ನು ನಾವೇ ಬರೆಯುತ್ತೇವೆ ಅನ್ನುವ ಹಕ್ಕನ್ನು ಯಾರೂ ದಾನ ಕೊಟ್ಟಿಲ್ಲ. ಅದು ಏಟು ತಿಂದು ಪಡೆದದ್ದು. ಆದ್ದರಿಂದ ಬೆಂದವರ ಕೈಗೆ ಲೇಖನಿಯ ಮೊದಲ ಹಕ್ಕು. ಇದರಲ್ಲಿ ರಾಜಿ ಇಲ್ಲ.

ಹಾಗಾದರೆ ಹೊರಗಿನವರು ಬಾಯಿ ಮುಚ್ಚಿಕೊಂಡಿರಬೇಕೇ? ಮುಂಬೈನ ಘಾಟ್ಕೋಪರಿನ ರಮಾಬಾಯಿ ನಗರವನ್ನು ನೋಡಿ. 1997ರ ಜುಲೈ 11ರಂದು ಅಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಲಾಗಿತ್ತು. ಪ್ರತಿಭಟಿಸಿ ರಸ್ತೆಗಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 10 ಜನ ದಲಿತರು ಸತ್ತರು. ನಾಲ್ಕು ದಿನ ಕಳೆದು, ಜನರ ನಡುವೆ ಹಾಡುತ್ತಿದ್ದ ದಲಿತ ಕವಿ ವಿಲಾಸ್ ಘೋಗರೆ ನೇಣು ಹಾಕಿಕೊಂಡರು. ಅವರ ಗೆಳೆಯರಾಗಿದ್ದ ಆನಂದ್ ಪಟವರ್ಧನ್ ಕ್ಯಾಮೆರಾ ಹಿಡಿದು ಹೊರಟರು. ಪಟವರ್ಧನ್ ದಲಿತರಲ್ಲ. ‘ಜೈ ಭೀಮ್ ಕಾಮ್ರೇಡ್’ ಎಂಬ ಆ ಸಾಕ್ಷ್ಯಚಿತ್ರ ಹೊರಗೆ ಬಂದದ್ದು 2011ರಲ್ಲಿ. ಅಂದರೆ 14 ವರ್ಷ. ಆ ವರ್ಷಗಳಲ್ಲಿ ಅವರು ಸತ್ತವರ ಮನೆಗಳಿಗೆ ಹೋಗಿ ಬಂದರು, ಕೇಸು ಎಲ್ಲಿಗೆ ಬಂತು ಅಂತ ಹಿಂದೆ ಬಿದ್ದರು, ಕೇರಿಗಳ ಹಾಡುಗಳನ್ನು ಹಿಡಿದಿಟ್ಟರು. ಗುಂಡು ಹಾರಿಸಲು ಆಜ್ಞೆ ಕೊಟ್ಟ ಅಧಿಕಾರಿಗೆ 2009ರಲ್ಲಿ ಕೆಳಗಿನ ಕೋರ್ಟು ಶಿಕ್ಷೆ ವಿಧಿಸುವವರೆಗೂ ಅವರ ಕೆಲಸ ಮುಗಿದಿರಲಿಲ್ಲ. ಚಿತ್ರ ಮುಗಿದ ಮೇಲೆ ಮುಂಬೈನ ದಲಿತ ಬಡಾವಣೆಗಳಲ್ಲಿ ಬಯಲಲ್ಲೇ ತೋರಿಸಿದರು. ಯಾರ ಬಾಳು ತೆರೆಯ ಮೇಲಿತ್ತೋ ಅವರೇ ಕೂತು ನೋಡಿದರು.

ಹೊರಗಿನವರಿಗೆ ಬಾಗಿಲು ತೆರೆಯುವುದು ಇಂಥ ಕಡೆ. ಕಣ್ಣೀರು ಇದೆ ಅನ್ನುವುದು ಅರ್ಹತೆ ಆಗಲಾರದು. ಎಷ್ಟು ಸಲ ಹಿಂದಿರುಗಿ ಬಂದೆ, ಬರೆದದ್ದನ್ನು ಯಾರ ಮುಂದೆ ಮೊದಲು ಇಟ್ಟೆ, ಅವರು ಬೇಡ ಅಂದರೆ ಬಿಡಲು ತಯಾರಿದ್ದೀಯಾ ಎನ್ನುವುದೇ ಪರೀಕ್ಷೆ. ಈ ಪರೀಕ್ಷೆ ಕೇರಿಯಲ್ಲಿ ಹುಟ್ಟಿ ಈಗ ನಗರದಲ್ಲಿ ಸಂಬಳ ಎಣಿಸುತ್ತಿರುವ ನಮ್ಮವರಿಗೂ ಉಂಟು. ಹುಟ್ಟು ಮೊದಲ ಹಕ್ಕನ್ನು ಕೊಡುತ್ತದೆ. ಸಾಲವನ್ನು ಮನ್ನಾ ಮಾಡುವುದಿಲ್ಲ.

ಇಲ್ಲೊಂದು ಕಠಿಣ ಗಂಟು ಇದೆ. ಲೆಕ್ಕ ಬರೆಯಬೇಕು, ಹೆಸರು ಹೇಳಬೇಕು ಅಂದೆ. ಹೆಸರು ಹೇಳಿದರೆ ಬದುಕಿರುವವರ ಗತಿ? ನಮ್ಮದೇ ಕಂಬಾಲಪಲ್ಲಿಯನ್ನು ನೆನೆಯಿರಿ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಈ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಕೋರ್ಟು ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಅಂತ ಪಟ್ಟಣದಲ್ಲಿ ಕೂತು ಹೇಳುವುದು ಸುಲಭ. ಸಾಕ್ಷಿ ಹೇಳುವವನು ನಾಳೆ ಅದೇ ದಾರಿಯಲ್ಲಿ ನಡೆಯಬೇಕು, ಅದೇ ಜನರ ಹೊಲಕ್ಕೆ ಕೂಲಿಗೆ ಹೋಗಬೇಕು. ಪದ್ಯ ಓದಿದವನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್ಸು ಬರ್ತಾನೆ. ಸಾಕ್ಷಿಯ ಅಂಜಿಕೆಯನ್ನು ಹೇಡಿತನ ಅಂತ ಬರೆಯುವ ಕವಿ, ಆ ಅಂಜಿಕೆಯನ್ನು ದಿನಾ ಬೆಳೆಸುತ್ತಿರುವ ಊರನ್ನು ಬರೆಯದೆ ಬಿಟ್ಟಿರುತ್ತಾನೆ.

ಈ ಗಂಟಿಗೆ ನನಗೆ ಕಾಣುವ ದಾರಿ ಇದು. ಸತ್ತವರ ಹೆಸರನ್ನು, ಅವರ ಬೇಡಿಕೆಯನ್ನು, ದಿನಾಂಕವನ್ನು, ತೀರ್ಪನ್ನು ಗಟ್ಟಿಯಾಗಿ ಹೇಳಬೇಕು. ಬದುಕಿರುವವರ ಮಾತನ್ನು ಮಾತ್ರ ಅವರು ಒಪ್ಪಿದಷ್ಟೇ ಹೇಳಬೇಕು. ಹೇಳಬೇಡಿ ಅಂದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಒಂದು ಒಳ್ಳೆಯ ಕತೆ ಕೈತಪ್ಪಿದರೆ ತಪ್ಪಲಿ. ಕತೆಗಿಂತ ಆ ಮನೆಯವರ ನಿದ್ದೆ ದೊಡ್ಡದು. ಎದೆಯಲ್ಲಿ ಇಟ್ಟುಕೊಂಡ ಆ ಮಾತು ವ್ಯರ್ಥವಾಗುವುದಿಲ್ಲ. ಬರೆಯುವವರು ಯಾವ ಶಬ್ದ ಬಳಸಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಅದು ಒಳಗಿಂದ ತಿದ್ದುತ್ತದೆ.

ಕಡೆಯ ಅನುಮಾನ ಚಪ್ಪಾಳೆಯದು. ಬೆಂದ ಮಗುವಿನ ಮೇಲೆ ಚೆಂದದ ಪದ್ಯ ಓದುತ್ತೇವೆ, ಸಭೆ ಚಪ್ಪಾಳೆ ಹೊಡೆಯುತ್ತದೆ, ಮೈ ಜುಮ್ಮೆನ್ನುತ್ತದೆ. ಇದು ಪಾಪವಲ್ಲವೇ? ಇಂಥ ಕಲೆ ಕೊನೆಗೆ ಉಳ್ಳವರ ಗೋಡೆಯ ಅಲಂಕಾರ ಆಗುವುದಿಲ್ಲವೇ? ದೂರದ ಒಂದು ಉದಾಹರಣೆ ಕೊಡುತ್ತೇನೆ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಹಿಟ್ಲರನ ವಿಮಾನಗಳು ಬಾಂಬು ಸುರಿದವು. ಪಿಕಾಸೊ ಅದರ ಮೇಲೆ ದೊಡ್ಡ ಚಿತ್ರ ಬರೆದ. ಅದರ ನೇಯ್ಗೆಯ ಪ್ರತಿಯೊಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಭದ್ರತಾ ಮಂಡಳಿಯ ಬಾಗಿಲ ಬಳಿ ತೂಗುತ್ತಿತ್ತು. ದೊಡ್ಡ ದೊಡ್ಡ ರಾಯಭಾರಿಗಳು ಅದರ ಮುಂದೆಯೇ ಓಡಾಡುತ್ತಿದ್ದರು, ಯಾರ ನಿದ್ದೆಯೂ ಕೆಟ್ಟಂತಿರಲಿಲ್ಲ. ಆದರೆ 2003ರ ಫೆಬ್ರವರಿಯಲ್ಲಿ ಅಮೆರಿಕದ ಮಂತ್ರಿ ಇರಾಕಿನ ಮೇಲೆ ಯುದ್ಧಕ್ಕೆ ವಾದ ಮಾಡಲು ಬಂದಾಗ ಆ ಚಿತ್ರಕ್ಕೆ ನೀಲಿ ಪರದೆ ಮುಚ್ಚಿದರು. ಯುದ್ಧವನ್ನು ಆ ಚಿತ್ರ ತಡೆಯಲಿಲ್ಲ. ಆದರೂ ಯುದ್ಧ ಸಾರುವ ಮುಖದ ಹಿಂದೆ ಅದು ಕಾಣಬಾರದು ಅಂತ ಯಾರಿಗೋ ಅನ್ನಿಸಿತು. ಕಲೆಯ ಶಕ್ತಿ ಎಷ್ಟು ಸಣ್ಣದು ಅನ್ನುವುದೂ, ಆ ಸಣ್ಣದಕ್ಕೂ ಅಧಿಕಾರ ಅಂಜುತ್ತದೆ ಅನ್ನುವುದೂ ಒಂದೇ ಪರದೆಯಲ್ಲಿ ಕಾಣುತ್ತದೆ.

ಚೆಲುವಿಗೆ ನಾಚಬೇಕಾಗಿಲ್ಲ. ನಮ್ಮ ತಮಟೆಯ ನಾದ ಚೆಲುವಾದದ್ದೇ. ಊರಿನವರ ಸಾವಿಗೆಲ್ಲ ನಮ್ಮವರು ತಮಟೆ ಬಡಿದರು; ಬಿಟ್ಟಿ ಚಾಕರಿಯಾಗಿ, ಬೈಸಿಕೊಂಡು ಬಡಿದರು. ಅದೇ ತಮಟೆಯನ್ನು ಚಳವಳಿ ಮೆರವಣಿಗೆಯ ಮುಂದಕ್ಕೆ ತಂದಿತು. ಚರ್ಮ ಅದೇ, ಕೋಲು ಅದೇ. ಯಾರ ಕರೆಗೆ ಬಡಿಯುತ್ತೇವೆ, ಯಾತಕ್ಕೆ ಬಡಿಯುತ್ತೇವೆ ಅನ್ನುವುದು ಬದಲಾಯಿತು. ಚಪ್ಪಾಳೆಗೂ ಇದೇ ಮಾತು. ಪದ್ಯ ಮುಗಿದು ಚಪ್ಪಾಳೆ ನಿಂತ ಮೇಲೆ ಸಭೆಯಲ್ಲಿ ಒಬ್ಬನಾದರೂ ಎದ್ದು ‘ಆ ಕೇಸು ಈಗ ಎಲ್ಲಿದೆ?’ ಅಂತ ಕೇಳಿದರೆ ಆ ಪದ್ಯ ಬಡಿಯಬೇಕಾದ ಕಡೆ ಬಡಿದಿದೆ.

ಹಳ್ಳಿಯ ಮೇಷ್ಟ್ರುಗಳಿಗೆ, ಓದುವ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ತಾಲ್ಲೂಕಿನಲ್ಲೇ ಹೀಗೆ ಬೆಂದ ಕೇರಿ ಇರಬಹುದು, ಏಟು ತಿಂದ ಹಟ್ಟಿ ಇರಬಹುದು. ಪದ್ಯ ಬರೆಯುವುದಕ್ಕೆ ಮೊದಲು ಅಲ್ಲಿಗೆ ಹೋಗಿ ಕೂತುಕೊಳ್ಳಿ. ಆ ವರ್ಷ ಕೂಲಿ ಎಷ್ಟಿತ್ತು, ಎಷ್ಟು ಕೇಳಿದರು, ಯಾವ ಹೊಲ, ಯಾವ ಬಾವಿ, ಯಾವ ದೇವರ ಮೆರವಣಿಗೆ ಅಂತ ವಿಚಾರಿಸಿ. ತೀರ್ಪಿನ ನಕಲು ಸಿಕ್ಕರೆ ಓದಿ, ಓದಲಾರದವರಿಗೆ ಅವರ ಮಾತಿನಲ್ಲೇ ಓದಿ ಹೇಳಿ. ಬರೆದ ಮೇಲೆ ಮೊದಲು ಆ ಹಟ್ಟಿಯ ಜಗಲಿಯಲ್ಲಿ ಓದಿ. ‘ಹಿಂಗಲ್ಲಪ್ಪ ಆಗಿದ್ದು’ ಅಂದರೆ ತಿದ್ದಿ. ‘ಇದು ಬ್ಯಾಡ’ ಅಂದರೆ ಹರಿದುಹಾಕಿ. ಆಮೇಲೆ ತಾನೇ ಪತ್ರಿಕೆ, ವೇದಿಕೆ.

ಶಾಲೆಯಲ್ಲಿ ಮಕ್ಕಳ ಮುಂದೆ ಕೀಳ್ವೆಣ್ಮಣಿಯ ಕತೆ ಹೇಳಿ ನೋಡಿ. ಅವರು ಕೇಳುವ ಮೊದಲ ಪ್ರಶ್ನೆ ‘ಯಾಕೆ ಸುಟ್ರು ಸಾ?’ ಅಂತಲೇ. ಸುಟ್ಟವರು ರಾಕ್ಷಸರು ಎಂದು ಮಾತ್ರ ಉತ್ತರ ಹೇಳುವ ಕಾದಂಬರಿಯನ್ನೋ ಪದ್ಯವನ್ನೋ ನಂಬಿ ಕೂತರೆ ಮಗು ರಾಕ್ಷಸರನ್ನು ಹುಡುಕುತ್ತಾ ಬೆಳೆಯುತ್ತದೆ, ಎಲ್ಲೂ ಕಾಣುವುದಿಲ್ಲ, ಮರೆತುಬಿಡುತ್ತದೆ. ಇನ್ನೊಂದಿಷ್ಟು ಭತ್ತ ಕೇಳಿದ್ದಕ್ಕೆ ಸುಟ್ಟರು ಅಂತ ಹೇಳಿ. ಆ ಮಗು ಸಂಜೆ ಮನೆಗೆ ಹೋಗಿ, ಅವ್ವನಿಗೆ ಇವತ್ತು ಕೂಲಿ ಎಷ್ಟು ಕೊಟ್ಟರು ಅಂತ ಕೇಳುತ್ತದೆ.